ದೀಪ ಆರಿದ ಮೇಲೆ ಮಕ್ಕಳನ್ನು ನೋಡುವವರು ಯಾರು?

ಜೂನ್ ತಿಂಗಳಲ್ಲಿ ಮೊರಾರ್ಜಿ ವಸತಿ ಶಾಲೆಗೋ ನವೋದಯಕ್ಕೋ ಸೇರಿದ ಆರನೇ ತರಗತಿಯ ಹುಡುಗ ಬೆರಳ ಸಂದಿ ಕೆರೆದುಕೊಳ್ಳಲು ಶುರುಮಾಡುವುದು ಹೆಚ್ಚಾಗಿ ಜುಲೈ ಮುಗಿಯುವ ಹೊತ್ತಿಗೆ. ಕಜ್ಜಿಯ ಹುಳು ಚರ್ಮಕ್ಕೆ ಹೊಕ್ಕ ದಿನವೇ ತುರಿಕೆ ಹುಟ್ಟುವುದಿಲ್ಲ. ಮೊದಲ ಸಲ ಅಂಟಿದಾಗ ನಾಲ್ಕರಿಂದ ಆರು ವಾರ ಅದು ಸದ್ದಿಲ್ಲದೆ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತಿರುತ್ತದೆ. ದೇಹ ಅದನ್ನು ಗುರುತಿಸಿ ಪ್ರತಿಭಟಿಸತೊಡಗಿದ ಮೇಲಷ್ಟೇ ತುರಿಕೆ, ಅದೂ ರಾತ್ರಿ ಹೊತ್ತು ಹೆಚ್ಚು. ಅಷ್ಟರೊಳಗೆ ಪಕ್ಕದ ಮಂಚದವನಿಗೆ, ಅವನ ಹೊದಿಕೆ ಹಂಚಿಕೊಂಡವನಿಗೆ, ಟವೆಲ್ ಎರವಲು ಪಡೆದವನಿಗೆ ಹುಳು ದಾಟಿ ಆಗಿರುತ್ತದೆ. ಒಬ್ಬ ಕೆರೆದುಕೊಳ್ಳುವುದು ಕಣ್ಣಿಗೆ ಬಿದ್ದಾಗ ಇಡೀ ಕೋಣೆಗೆ ಕಜ್ಜಿ ಹತ್ತಿದೆ ಎಂದೇ ತಿಳಿಯಬೇಕು.

ಆದರೆ ಸಾಮಾನ್ಯವಾಗಿ ನಡೆಯುವುದೇನು? ಕೆರೆದು ಕೆರೆದು ಕೈ ಹುಣ್ಣು ಮಾಡಿಕೊಂಡ ಹುಡುಗನೊಬ್ಬನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಪರ್ಮೆಥ್ರಿನ್ ಮುಲಾಮಿನ ಒಂದು ಟ್ಯೂಬು ಸಿಗುತ್ತದೆ. ಹಚ್ಚುತ್ತಾನೆ, ವಾಸಿಯಾಗುತ್ತದೆ. ಅದೇ ಕೋಣೆಯಲ್ಲಿ, ಅದೇ ಗೆಳೆಯರ ನಡುವೆ ಮಲಗುವುದರಿಂದ ಹುಳು ಮತ್ತೆ ಅಂಟುತ್ತದೆ. ಎರಡನೇ ಸಲ ದೇಹಕ್ಕೆ ಅದರ ಪರಿಚಯವಿರುವುದರಿಂದ ಒಂದರಿಂದ ನಾಲ್ಕು ದಿನಕ್ಕೇ ತುರಿಕೆ. 'ಔಷಧಿ ನಾಟಲಿಲ್ಲ' ಎಂದು ಎಲ್ಲರೂ ಕೈಬಿಡುತ್ತಾರೆ. ಔಷಧಿಯಲ್ಲಿ ದೋಷವಿರಲಿಲ್ಲ. ಅದನ್ನು ಹಚ್ಚಬೇಕಾಗಿದ್ದುದು ಒಬ್ಬನಿಗಲ್ಲ, ಆ ಕೋಣೆಯಲ್ಲಿ ಮಲಗುವ ಪ್ರತಿಯೊಬ್ಬನಿಗೂ, ಒಂದೇ ರಾತ್ರಿ, ತುರಿಕೆ ಇರಲಿ ಬಿಡಲಿ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಹೊಕ್ಕುಳು, ಉಗುರಿನಡಿ ಬಿಡದಂತೆ. ಬೆಳಗ್ಗೆ ತೊಳೆದುಕೊಂಡು, ವಾರ ಬಿಟ್ಟು ಇನ್ನೊಮ್ಮೆ. ಅದೇ ದಿನ ಹಾಸಿಗೆ ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿ, ಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಇಟ್ಟರೆ ಸಾಕು. ಮನುಷ್ಯನ ಮೈ ಸಿಗದೆ ಹುಳು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಬರೆಯುವುದು ಸುಲಭ. ಐವತ್ತು ಮಕ್ಕಳಿಗೆ ಐವತ್ತಕ್ಕೂ ಹೆಚ್ಚು ಟ್ಯೂಬು ಬೇಕು, ಒಂದೇ ದಿನ ಐವತ್ತು ಹೊದಿಕೆ ಒಗೆಯುವಷ್ಟು ಬಿಸಿನೀರು ಬೇಕು, ಒಣಹಾಕಲು ಜಾಗ ಬೇಕು. ತೀರ್ಥಹಳ್ಳಿ, ಶೃಂಗೇರಿ ಕಡೆ ಜುಲೈನಲ್ಲಿ ಒಂದು ಕರವಸ್ತ್ರ ಒಣಗಲೂ ಎರಡು ದಿನ ಹಿಡಿಯುತ್ತದೆ. ಕಜ್ಜಿ ಎಂದರೆ ನಗುವವರಿದ್ದಾರೆ. ಕೆರೆದ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿದರೆ ಕೆಲವು ಮಕ್ಕಳಲ್ಲಿ ಮೂತ್ರಪಿಂಡ ಊದಿಕೊಂಡು ಮುಖ ಬಾತುಕೊಳ್ಳುತ್ತದೆ, ಮೂತ್ರದಲ್ಲಿ ರಕ್ತ ಹೋಗುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಕಜ್ಜಿಯ ಬಗ್ಗೆ ಇಷ್ಟು ಉದ್ದ ಬರೆಯಲು ಕಾರಣವಿದೆ. ವಸತಿ ಶಾಲೆಯ ಆರೋಗ್ಯದ ಸ್ವರೂಪವೆಲ್ಲ ಅದರಲ್ಲಿ ಕಾಣುತ್ತದೆ. ಅಲ್ಲಿ ಕಾಯಿಲೆ ಒಂದು ಮಗುವಿಗೆ ಬರುವುದಿಲ್ಲ, ಒಂದು ಕೋಣೆಗೆ ಬರುತ್ತದೆ. ಮನೆಯಲ್ಲಿದ್ದರೆ ಮಗು ಎರಡು ತುತ್ತು ಕಡಿಮೆ ಉಂಡದ್ದು, ಮಲಗಿದಲ್ಲಿ ಹೊರಳಾಡಿದ್ದು, ಮುಖ ಸಪ್ಪಗಿದ್ದುದು ಅಮ್ಮನ ಕಣ್ಣಿಗೋ ಅಜ್ಜಿಯ ಕಣ್ಣಿಗೋ ಬೀಳುತ್ತದೆ. ಆ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿರುವುದಿಲ್ಲ. ವಸತಿ ಶಾಲೆಯಲ್ಲಿ ಪ್ರಾಂಶುಪಾಲರು ಫಲಿತಾಂಶ ನೋಡುತ್ತಾರೆ, ಶಿಕ್ಷಕರು ಪಾಠ ನೋಡುತ್ತಾರೆ, ಅಡುಗೆಯವರು ಒಲೆ ನೋಡುತ್ತಾರೆ, ವಾರ್ಡನ್ ರೇಷನ್ನಿನ ಲೆಕ್ಕ ನೋಡುತ್ತಾರೆ. ಮಗುವಿನ ಮುಖ ನೋಡುವುದನ್ನು ಒಬ್ಬರ ಕೆಲಸವೆಂದು ಹೆಸರಿಟ್ಟು ಹಚ್ಚದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ. ನನ್ನ ಮಟ್ಟಿಗೆ ವಸತಿ ಶಾಲೆಯ ಆರೋಗ್ಯದ ಪ್ರಶ್ನೆಯೆಲ್ಲ ಇಲ್ಲಿದೆ.

ಮಕ್ಕಳನ್ನು ಮನೆಯಿಂದಾಚೆ ಇಟ್ಟು ಓದಿಸುವುದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನ ಉಂಡು ಓದಿದ ತಲೆಮಾರು ಇತ್ತು. ಮಠಗಳ ಉಚಿತ ಪ್ರಸಾದನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಒಟ್ಟಿಗೆ ಉಣ್ಣುತ್ತಾರೆ. ಊರೊಳಗೆ ಜಾಗವಿಲ್ಲದ ಮಕ್ಕಳಿಗೆ ಹಾಸ್ಟೆಲ್ ಏನನ್ನು ಕೊಟ್ಟಿತು ಎಂಬುದಕ್ಕೆ ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬರುವ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ದಿನಗಳೇ ಸಾಕ್ಷಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನವೋದಯ ವಿದ್ಯಾಲಯಗಳು ಬಂದವು. ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮೊದಲಾದ ಹೆಸರಿನ ವಸತಿ ಶಾಲೆಗಳು ಬೆಳೆದು, ಅವನ್ನು ನೋಡಿಕೊಳ್ಳಲು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ಹುಟ್ಟಿತು. ಕೂಲಿ ಮಾಡುವವರ, ಗುಳೆ ಹೋಗುವವರ ಮನೆಯಿಂದ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿ ದಾಟಿದ ಎಷ್ಟೋ ಮಕ್ಕಳು ಈ ಶಾಲೆಗಳಿಂದ ಬಂದವರು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಕೊಟ್ಟ ಈ ಪರಂಪರೆಯ ಬಗ್ಗೆ ನನಗೆ ತುಂಬು ಗೌರವವಿದೆ. ಆ ಗೌರವ ಇರುವುದರಿಂದಲೇ ಆರೋಗ್ಯವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು ಎನಿಸುತ್ತದೆ.

ಅಡುಗೆಮನೆಗೆ ಬರೋಣ. ಹಾಸ್ಟೆಲಿನಲ್ಲಿ ವಾಂತಿಭೇದಿ ಎಂಬ ಸುದ್ದಿ ಬಂದಾಗಲೆಲ್ಲ ಹಲ್ಲಿ ಬಿದ್ದಿತ್ತೇ ಎಂಬ ವಿಚಾರಣೆ ಮೊದಲು ನಡೆಯುತ್ತದೆ. ನಿಜವಾದ ಅಪಾಯ ಬಹಳ ಸಲ ಉಳಿದ ಅನ್ನದಲ್ಲಿರುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಅನ್ನ ಕುದ್ದರೂ ಅವು ಸಾಯುವುದಿಲ್ಲ. ರಾತ್ರಿ ಮಿಕ್ಕ ಅನ್ನವನ್ನು ದೊಡ್ಡ ಕೊಳಗದಲ್ಲೇ ಮುಚ್ಚಿಟ್ಟರೆ ನಡುವಿನ ಅನ್ನ ಬೆಳಗಿನವರೆಗೂ ಬೆಚ್ಚಗಿದ್ದು, ಆ ಕಣಗಳು ಮೊಳೆತು ವಿಷ ಉತ್ಪಾದಿಸುತ್ತವೆ. ಬೆಳಗ್ಗೆ ಅದೇ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುತ್ತಾರೆ. ವಾಂತಿ ಬರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ನಾಶವಾಗುವಂಥದ್ದಲ್ಲ. ಮನೆಯಲ್ಲಿ ಒಂದು ಪಾವು ಅನ್ನ ಬೇಗ ಆರುತ್ತದೆ, ಆದ್ದರಿಂದ ತೊಂದರೆ ಕಡಿಮೆ. ಇನ್ನೂರೈವತ್ತು ಮಕ್ಕಳ ಕೊಳಗಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಚಿತ್ರಾನ್ನ ಬೇಕಿದ್ದರೆ ಬೆಳಗ್ಗೆಯೇ ಅನ್ನ ಮಾಡಬೇಕು. ಅಡುಗೆಯವರಿಗೆ ಒಂದು ಗಂಟೆ ಮೊದಲು ಏಳಬೇಕಾದ ಕೆಲಸವಿದು, ಅದಕ್ಕೆ ಆಳೂ ಬೇಕು ಸಂಬಳವೂ ಬೇಕು. ಅವರನ್ನು ಬೈದು ಪ್ರಯೋಜನವಿಲ್ಲ.

ನೀರಿನ ವಿಷಯವೂ ಹೀಗೆಯೇ. ಓವರ್‌ಹೆಡ್ ಟ್ಯಾಂಕಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಟ್ಟು ಬಳಸಬೇಕು. ಚೀಲದ ಬಾಯಿ ಬಿಚ್ಚಿಟ್ಟ ಪೌಡರ್ ಕೆಲವೇ ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಸುರಿದರೂ ಅಷ್ಟೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮೈ ಸೇರಿ ರೋಗ ಕಾಣಿಸಲು ಸರಾಸರಿ 28 ದಿನ ಬೇಕು. ಕಣ್ಣು ಹಳದಿಯಾದ ಮಗುವನ್ನು ಮನೆಗೆ ಕಳಿಸುವ ದಿನ ಸಂಪಿನ ಕಡೆ ನೋಡುವವರು ಕಡಿಮೆ. ನೋಡಬೇಕಾದ್ದು ಒಂದು ತಿಂಗಳ ಹಿಂದಿನ ಸಂಪನ್ನು.

ಶೌಚಾಲಯ ಹೊಲಸಾಗಿದ್ದರೆ ಹೆಣ್ಣುಮಕ್ಕಳು ಮಾಡುವ ಮೊದಲ ಕೆಲಸ ನೀರು ಕುಡಿಯುವುದನ್ನು ಬಿಡುವುದು. ಮಧ್ಯಾಹ್ನದವರೆಗೆ ಒಂದು ಲೋಟ, ಸಂಜೆ ಇನ್ನೊಂದು. ಉರಿಮೂತ್ರ, ಮಲಬದ್ಧತೆ, ತಲೆನೋವು ಅದರ ಬೆನ್ನಿಗೆ. ತಲೆನೋವಿಗೆ ಮಾತ್ರೆ ಕೊಡುವವರು ಶೌಚಾಲಯಕ್ಕೆ ಚಿಲಕ ಇದೆಯೇ, ರಾತ್ರಿ ದೀಪ ಉರಿಯುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ ಇದೆಯೇ ಎಂದು ನೋಡಿದರೆ ಅರ್ಧ ಮಾತ್ರೆ ಉಳಿಯುತ್ತದೆ. ರಾಜ್ಯ ಸರ್ಕಾರ 'ಶುಚಿ' ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡುತ್ತದೆ. ಅದು ಗಂಡು ಶಿಕ್ಷಕರ ಕೊಠಡಿಯ ಬೀರುವಿನಲ್ಲಿದ್ದರೆ ಕೇಳುವ ಹುಡುಗಿ ಯಾರೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಮೊದಲ ಸಲ ಮುಟ್ಟಾದ ಹನ್ನೆರಡು ವರ್ಷದ ಮಗು ಯಾರ ಬಾಗಿಲು ತಟ್ಟಬೇಕು ಎಂಬುದು ಅವಳಿಗೆ ಮೊದಲೇ ಗೊತ್ತಿರಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹುಡುಗಿಯರಲ್ಲಿ ಶೇ 59.1ರಷ್ಟು, ಹುಡುಗರಲ್ಲಿ ಶೇ 31.1ರಷ್ಟು ಮಂದಿಗೆ ರಕ್ತಹೀನತೆ ಇದೆ. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆ, ಎರಡೂ ಶಾಲೆಗೆ ಉಚಿತವಾಗಿ ಬರುತ್ತವೆ. ಕಬ್ಬಿಣದ ಮಾತ್ರೆಯನ್ನು ಹಸಿದ ಹೊಟ್ಟೆಗೆ ನುಂಗಿಸಿದರೆ ವಾಕರಿಕೆ ಬರುತ್ತದೆ, ಮರುದಿನ ಮಲ ಕಪ್ಪಾಗುವುದನ್ನು ಕಂಡು ಮಗು ಹೆದರುತ್ತದೆ, ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಬೀಳುತ್ತದೆ. ಊಟವಾದ ಮೇಲೆ ಕೊಟ್ಟು, ಒಂದು ಗಂಟೆ ಟೀ ಕುಡಿಯಬೇಡಿ ಎಂದು ಹೇಳಿ, ಮಲ ಕಪ್ಪಾಗುವುದು ಸಹಜ ಎಂದು ತಿಳಿಸಿದರೆ ಕೆಲಸ ಮುಗಿಯಿತು. ವಸತಿ ಶಾಲೆಗೆ ಇದು ಉಳಿದ ಶಾಲೆಗಳಿಗಿಂತ ಸುಲಭ. ಮಕ್ಕಳು ಮೂರು ಹೊತ್ತೂ ಅಲ್ಲೇ ಇರುತ್ತಾರೆ.

ಇನ್ನು ನಿದ್ದೆ. ಇದರ ಬಗ್ಗೆ ನನಗೆ ಹೆಚ್ಚು ಕಳವಳ. ಹನ್ನೆರಡು ವರ್ಷದವರೆಗಿನ ಶಾಲಾ ಮಕ್ಕಳಿಗೆ ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ನಿದ್ದೆ, 13ರಿಂದ 18ರ ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂಬುದು ನಿದ್ರಾ ತಜ್ಞರ ಒಮ್ಮತ. ಬಹಳಷ್ಟು ವಸತಿ ಶಾಲೆಗಳ ವೇಳಾಪಟ್ಟಿ ನೋಡಿ: ಐದಕ್ಕೆ ಗಂಟೆ, ಯೋಗ ಅಥವಾ ಪಿ.ಟಿ., ಬೆಳಗಿನ ಓದು, ತರಗತಿ, ಸಂಜೆಯ ಓದು, ಊಟ, ಮತ್ತೆ ಓದು, ಹತ್ತಕ್ಕೆ ದೀಪ. ಹತ್ತನೇ ತರಗತಿಯಾದರೆ ಹನ್ನೊಂದು. ಎಷ್ಟು ಕೂಡಿದರೂ ಏಳು ಗಂಟೆ ದಾಟುವುದಿಲ್ಲ. ಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಹದಿನೈದರ ಹುಡುಗನಿಗೆ ಒಂಬತ್ತಕ್ಕೆ ಮಲಗು ಎಂದರೂ ನಿದ್ದೆ ಹತ್ತುವುದಿಲ್ಲ, ಐದಕ್ಕೆ ಏಳು ಎಂದರೂ ಮೆದುಳು ಏಳುವುದಿಲ್ಲ. ಇದು ಸೋಮಾರಿತನವಲ್ಲ, ವಯಸ್ಸಿನ ಗುಣ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಬೆಳಗಿನ ಓದಿನಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ತೂಗುವ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ಬದಲು ಗಂಟೆಯನ್ನು ಆರಕ್ಕೆ ಸರಿಸಿದರೆ ಖರ್ಚು ಸೊನ್ನೆ. ಯಾವ ಇಲಾಖೆಯ ಅನುದಾನಕ್ಕೂ ಕಾಯಬೇಕಿಲ್ಲದ ಆರೋಗ್ಯ ಸುಧಾರಣೆ ಇದು. ಅದನ್ನೇ ಯಾರೂ ಮಾಡುವುದಿಲ್ಲ. ಪಕ್ಕದ ತಾಲ್ಲೂಕಿನ ಶಾಲೆ ನಾಲ್ಕೂವರೆಗೇ ಎಬ್ಬಿಸುತ್ತದೆ ಎಂಬ ಮಾತಿನ ಮುಂದೆ ವಿಜ್ಞಾನ ಸೋಲುತ್ತದೆ.

ಬೆಳಗಿನ ಐದು ಗಂಟೆಯ ತಣ್ಣೀರು ಸ್ನಾನ ಕೆಲವು ಮಕ್ಕಳಿಗೆ ಅಪಾಯವೂ ಹೌದು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ ಮುರಿದಷ್ಟು ನೋವು ಬರುವ ರೋಗ ಇದು. ಚಳಿ, ನೀರು ಕಡಿಮೆ ಕುಡಿಯುವುದು, ಮಿತಿಮೀರಿದ ಓಟ ಇವೆಲ್ಲ ಆ ನೋವನ್ನು ಕೆರಳಿಸುತ್ತವೆ. ಗಿರಿಜನ ಮಕ್ಕಳ ಆಶ್ರಮ ಶಾಲೆಯಲ್ಲಿ ಇಂಥ ಮಗು ಪಿ.ಟಿ.ಗೆ ಬರದೆ ಮೂಲೆಯಲ್ಲಿ ಮುದುಡಿ ಕೂತರೆ ಕಳ್ಳಾಟ ಎನಿಸಿಕೊಳ್ಳುತ್ತದೆ. ಸೇರಿಸಿಕೊಳ್ಳುವಾಗಲೇ ರಕ್ತ ಪರೀಕ್ಷೆ ಮಾಡಿಸಿ, ಫಲಿತಾಂಶ ವಾರ್ಡನ್‌ಗೂ ದೈಹಿಕ ಶಿಕ್ಷಕರಿಗೂ ಗುಟ್ಟಾಗಿ ತಿಳಿದಿದ್ದರೆ ಆ ಮಗುವಿಗೆ ಬಿಸಿನೀರು ಸಿಗುತ್ತದೆ, ಬೈಗುಳ ತಪ್ಪುತ್ತದೆ. ಫಿಟ್ಸ್ ಬರುವ ಮಗು, ಇನ್ಸುಲಿನ್ ಬೇಕಾದ ಮಗು, ಉಬ್ಬಸದ ಮಗು ಎಲ್ಲರಿಗೂ ಇದೇ ಮಾತು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡದೆ ಮಗ್ಗುಲಾಗಿ ಮಲಗಿಸುವುದನ್ನು ಕೋಣೆಯ ಮಕ್ಕಳೆಲ್ಲ ಕಲಿತಿರಬೇಕು. ಮೊದಲು ಅಲ್ಲಿರುವವರು ಅವರೇ.

ಹುಷಾರಿಲ್ಲದವರಿಗೊಂದು ಬೇರೆ ಕೋಣೆ ಎಲ್ಲ ಶಾಲೆಯಲ್ಲೂ ಇರಲೇಬೇಕು. ಅಮ್ಮ ಎಂದು ನಾವು ಕರೆಯುವ ಚಿಕನ್‌ಪಾಕ್ಸ್ ಗುಳ್ಳೆ ಏಳುವ ಮುನ್ನ ಒಂದೆರಡು ದಿನದಿಂದ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಮಂಗನಬಾವು ಊತ ಬಂದ ಮೇಲೆ ಐದು ದಿನ. 2021ರ ಡಿಸೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ನವೋದಯದಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿದ್ದು ನೆನಪಿರಬಹುದು. ಒಂದು ಛಾವಣಿಯ ಕೆಳಗೆ ಸೋಂಕಿಗೆ ಒಂದು ರಾತ್ರಿ ಸಾಕು.

ಮೈಯ ಕಾಯಿಲೆಗಿಂತ ಹೇಳಿಕೊಳ್ಳಲು ಕಷ್ಟವಾದದ್ದು ಮನೆಯ ನೆನಪು. ಹತ್ತು ಹನ್ನೊಂದು ವರ್ಷದ ಮಗು 'ಮನೆ ನೆನಪಾಗುತ್ತಿದೆ' ಎನ್ನುವುದಿಲ್ಲ, 'ಹೊಟ್ಟೆ ನೋಯ್ತಿದೆ ಸರ್' ಎನ್ನುತ್ತದೆ. ಆ ನೋವು ನಾಟಕವಲ್ಲ, ನಿಜವಾಗಿ ನೋಯುತ್ತಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದು ಮೊದಲ ಕೆಲವು ವಾರ ಜೋರಾಗಿದ್ದು ತಗ್ಗುತ್ತದೆ. ರಜೆಯಲ್ಲಿ ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ತಾಯಿ ತಂದೆಯಿಲ್ಲದೆ ನಾಲ್ಕು ದಿನ ಇದ್ದು ಬಂದ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. 'ಇಷ್ಟವಾಗದಿದ್ದರೆ ಬಂದು ಕರೆದುಕೊಂಡು ಹೋಗ್ತೀನಿ' ಎಂದು ಬಸ್ಸು ಹತ್ತುವಾಗ ಹೇಳುವ ಅಪ್ಪಂದಿರು ಗೊತ್ತಿಲ್ಲದೆ ಮಗುವಿನ ಕಣ್ಣನ್ನು ಗೇಟಿನ ಮೇಲೆ ನೆಡುತ್ತಾರೆ. ಅದರ ಬದಲು ಯಾವ ವಾರ ಬರುತ್ತೇನೆ ಎಂದು ಹೇಳಿ, ಆ ವಾರ ತಪ್ಪದೆ ಹೋಗುವುದು ಮೇಲು.

ನವೋದಯದ ಕೆಲವು ಮಕ್ಕಳಿಗೆ ಈ ಸಂಕಟ ಎರಡು ಸಲ ಬರುತ್ತದೆ. ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿ ಅಲ್ಲಿದೆ. ನಮ್ಮ ಮಕ್ಕಳು ಹಿಂದಿ ಪ್ರದೇಶಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶದ ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಎಂಬ ಈ ಯೋಚನೆಯನ್ನು ನಾನು ಮೆಚ್ಚುತ್ತೇನೆ. ಆದರೆ ಮುದ್ದೆ, ಅನ್ನಸಾರಿಗೆ ಒಗ್ಗಿದ ಹೊಟ್ಟೆಗೆ ದಿನವೂ ಚಪಾತಿ, ಮೈ ಕಂಡರಿಯದ ಉತ್ತರದ ಚಳಿ, ಜ್ವರ ಬಂದಾಗ ಎಲ್ಲಿ ನೋವು ಎಂದು ಹೇಳಲು ಬಾರದ ಭಾಷೆ! ಆ ಮಕ್ಕಳಿಗೆ ಮನೆಯವರೊಂದಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವ ಹೊತ್ತು ಔಷಧಿಯಷ್ಟೇ ಮುಖ್ಯ.

ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಹತ್ತು ವರ್ಷದ ನೂರು ಮಕ್ಕಳಲ್ಲಿ ಸುಮಾರು ಐದು ಮಂದಿಗೆ ಇದು ಇರುತ್ತದೆ. ಅಂದರೆ ಆರನೇ ತರಗತಿಯ ಐವತ್ತು ಮಕ್ಕಳಲ್ಲಿ ಇಬ್ಬರೋ ಮೂವರೋ ಪ್ರತಿ ವರ್ಷ ಇರುತ್ತಾರೆ. ಅವರು ಬೇಕೆಂದು ಮಾಡುವುದಲ್ಲ. ಬಹುತೇಕ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ, ನಿಲ್ಲದಿದ್ದರೆ ಚಿಕಿತ್ಸೆಯಿದೆ. ಅಂಥ ಮಗುವಿಗೆ ಎರಡನೇ ಬೆಡ್‌ಶೀಟು, ಒಂದು ಪ್ಲಾಸ್ಟಿಕ್ ಹಾಸು, ಬೆಳಗ್ಗೆ ಎಲ್ಲರಿಗಿಂತ ಮುಂಚೆ ಒಗೆದುಕೊಳ್ಳುವ ಅವಕಾಶ, ರಾತ್ರಿ ಒಮ್ಮೆ ಎಬ್ಬಿಸುವ ಒಬ್ಬ ದೊಡ್ಡವರು ಸಿಕ್ಕರೆ ಮಾನ ಉಳಿಯುತ್ತದೆ. ಒದ್ದೆ ಹಾಸಿಗೆಯನ್ನು ಎಲ್ಲರೆದುರು ಹೊರಿಸಿ ನಡೆಸುವ ಶಿಕ್ಷೆಯನ್ನು ಮಗು ಜೀವಮಾನವಿಡೀ ಮರೆಯುವುದಿಲ್ಲ. ಅದು ಹಿಂಸೆ. ಅದಕ್ಕೆ ಬೇರೆ ಹೆಸರು ಬೇಡ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯವಾಗುವ, ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು, ಸಹಾಯವಾಣಿಯ ಸಂಖ್ಯೆ ಹಾಸ್ಟೆಲಿನಲ್ಲಿ ದೊಡ್ಡದಾಗಿ ಕಾಣಬೇಕು, ಅಂಕದ ಮೇಲೆ ಮಕ್ಕಳನ್ನು ಬೇರ್ಪಡಿಸಿ ಕೂರಿಸಬಾರದು, ಎಲ್ಲರೆದುರು ಅವಮಾನಿಸಬಾರದು. ಈ ಕೊನೆಯ ಎರಡಕ್ಕೆ ಹಣ ಬೇಡ. 'ಟಾಪರ್ಸ್ ಬ್ಯಾಚ್' ಎಂದು ಫಲಕ ಹಾಕಿಕೊಂಡಿರುವ ವಸತಿ ಕಾಲೇಜುಗಳು ನಾಳೆಯೇ ಅದನ್ನು ಇಳಿಸಬಹುದು. ಕಾನೂನು ಇನ್ನೊಂದು ವಿಷಯದಲ್ಲೂ ಸ್ಪಷ್ಟ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. 'ಶಾಲೆಯ ಹೆಸರು ಹಾಳಾಗುತ್ತದೆ' ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಸಮಾಲೋಚಕರು ಬರುವವರೆಗೆ ಕಾಯಬೇಕಿಲ್ಲ. ರಾತ್ರಿ ಹಾಜರಿ ತೆಗೆದುಕೊಳ್ಳುವಾಗ ಬರೀ 'ಎಸ್ ಸರ್' ಕೇಳದೆ ಕೋಣೆಯಿಂದ ಕೋಣೆಗೆ ನಡೆದು ಒಂದೊಂದು ಮಗುವಿನ ಮುಖ ನೋಡುವ ವಾರ್ಡನ್‌ಗಳಿದ್ದಾರೆ. ಊಟ ಬಿಟ್ಟವರು ಯಾರು, ಮಲಗಿಯೇ ಇದ್ದವರು ಯಾರು, ಒಬ್ಬಂಟಿ ಕೂತವರು ಯಾರು ಎಂದು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡುತ್ತಾರೆ. ಒಂದೇ ಹೆಸರು ಒಂದು ವಾರದಲ್ಲಿ ಮೂರು ಸಲ ಬಂದರೆ ಕರೆದು ಮಾತಾಡಿಸುತ್ತಾರೆ. ಇದು ಅವರ ಒಳ್ಳೆಯತನದಿಂದ ನಡೆಯುತ್ತಿದೆ, ನಿಯಮದಿಂದ ಅಲ್ಲ. ಆ ವಾರ್ಡನ್ ವರ್ಗವಾದರೆ ಪುಸ್ತಕವೂ ನಿಲ್ಲುತ್ತದೆ. ಇಲಾಖೆ ಇದನ್ನು ಪ್ರತಿ ವಸತಿ ಶಾಲೆಯ ದಿನಚರಿಗೆ ಸೇರಿಸಬೇಕು, ಖಾಲಿಯಿರುವ ಸ್ಟಾಫ್ ನರ್ಸ್ ಹುದ್ದೆ ತುಂಬಿ ಅವರು ರಾತ್ರಿ ಆವರಣದಲ್ಲೇ ಉಳಿಯುವಂತೆ ಮನೆ ಕೊಡಬೇಕು.

ಮಕ್ಕಳನ್ನು ವಸತಿ ಶಾಲೆಯಲ್ಲಿ ಬಿಟ್ಟಿರುವ ತಂದೆತಾಯಿಯರಲ್ಲಿ ಒಂದು ಮನವಿ. ಮುಂದಿನ ಭೇಟಿಯ ದಿನ ಅಂಕಪಟ್ಟಿ ನೋಡುವ ಮುನ್ನ ಶೌಚಾಲಯ ನೋಡಿ, ಮಗುವಿನ ಬೆರಳ ಸಂದಿ ನೋಡಿ, ರಾತ್ರಿ ಎಷ್ಟಕ್ಕೆ ಮಲಗುತ್ತೀಯ ಎಂದು ಕೇಳಿ. ರಾತ್ರಿ ಏನಾದರೂ ಆದರೆ ಯಾರನ್ನು ಎಬ್ಬಿಸುತ್ತೀಯ ಎಂದು ಕೇಳಿ. ಮಗು ತಡೆಯದೆ ಒಬ್ಬರ ಹೆಸರು ಹೇಳಿದರೆ ಶಾಲೆ ಚೆನ್ನಾಗಿದೆ. ಹೇಳದಿದ್ದರೆ ಪ್ರಾಂಶುಪಾಲರ ಕೋಣೆಗೆ ಹೋಗಿ ಆ ಹೆಸರನ್ನು ಕೇಳಿ ಪಡೆಯಿರಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ, ಹಗಲು ರಾತ್ರಿ ತೆರೆದಿರುತ್ತವೆ, ಕನ್ನಡದಲ್ಲಿ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ಮಗುವಿನ ಟ್ರಂಕಿನ ಮುಚ್ಚಳದ ಒಳಗೆ ಬರೆದುಕೊಟ್ಟು ಬನ್ನಿ, ಮಕ್ಕಳ ಕೈಗೆ ಸಿಗುವ ಫೋನೊಂದು ಶಾಲೆಯಲ್ಲಿದೆಯೇ ಎಂದು ವಿಚಾರಿಸಿ.